ಬೆಳ್ಳಿ ಮತ್ತು ಅವಳ ನಾಲ್ಕು ಮರಿಗಳು: ಪರ್ಷಿಯನ್ ಬೆಕ್ಕಿನ ಕಿಡ್ನಿ ಕಾಯಿಲೆಯ ಒಂದು ಪ್ರಕರಣ

ಬೆಳ್ಳಿ ಮೈಸೂರಿನ ನಮ್ಮ ಮನೆಗೆ ಬಂದದ್ದು 2017ರ ಜೂನ್‌ನಲ್ಲಿ. ಆಗ ಮೂರು ತಿಂಗಳ ಮರಿ. ಬಿಳಿ ಮೈ, ಬೆನ್ನ ಮೇಲೆ ತೆಳುವಾಗಿ ಬೂದು ಬಣ್ಣ. ಅದಕ್ಕೇ ಆ ಹೆಸರು. ತಳಿ ಪರ್ಷಿಯನ್. ಬೆಂಗಳೂರಿನಲ್ಲಿ ಮನೆಯಲ್ಲೇ ಬೆಕ್ಕು ಸಾಕಿ ಮರಿ ಮಾರುವ ಒಬ್ಬರಿಂದ 15,000 ರೂಪಾಯಿ ಕೊಟ್ಟು ತಂದಿದ್ದೆವು. ಅವತ್ತು ನಾನು ಕೇಳಿದ ಪ್ರಶ್ನೆಗಳು ಈಗಲೂ ನೆನಪಿವೆ. ಲಸಿಕೆ ಆಗಿದೆಯಾ? ಕೂದಲು ಜಾಸ್ತಿ ಉದುರುತ್ತಾ? ಮೂಗು ಎದ್ದು ಕಾಣುವ ಡಾಲ್ ಫೇಸಾ, ಚಪ್ಪಟೆ ಮುಖದ ಪಂಚ್ ಫೇಸಾ? ಇದರ ತಂದೆ ತಾಯಿಗೆ ಕಿಡ್ನಿ ಸ್ಕ್ಯಾನ್ ಮಾಡಿಸಿದ್ದೀರಾ ಅಂತ ಮಾತ್ರ ಕೇಳಲಿಲ್ಲ. ಹಾಗೊಂದು ಪ್ರಶ್ನೆ ಇದೆ ಅನ್ನೋದೇ ಗೊತ್ತಿರಲಿಲ್ಲ.

ಅವಳ ಕಾಯಿಲೆ ಹೇಗೆ ಗೊತ್ತಾಯಿತು, ಆಮೇಲೆ ಅವಳ ಮರಿಗಳನ್ನು ಹುಡುಕಿಕೊಂಡು ಹೋದಾಗ ಏನು ಕಂಡಿತು, ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ಎರಡನೆಯದನ್ನು ಹೇಳಬೇಕೆಂದೇ ಮೊದಲನೆಯದನ್ನೂ ಹೇಳುತ್ತಿದ್ದೇನೆ.

2019ರ ಜನವರಿಯಲ್ಲಿ ಅವಳನ್ನು ಗಂಡು ಬೆಕ್ಕಿನ ಜೊತೆ ಬಿಟ್ಟೆವು. ಬೆದೆಗೆ ಬಂದಾಗಲೆಲ್ಲ ರಾತ್ರಿಯಿಡೀ ಕೂಗುತ್ತಿದ್ದಳು. ಆಪರೇಷನ್ ಮಾಡಿಸಬೇಕು ಅಂತ ಮಾತಾಗಿತ್ತು. ಅದಕ್ಕೆ ಮುಂಚೆ ಒಂದು ಸಲ ಮರಿ ಹಾಕಲಿ ಅಂತ ಅತ್ತೆಗೂ ಆಸೆ, ನನಗೂ ಆಸೆ. ಒಂದು ಸಲ ಮರಿ ಹಾಕಿದರೆ ಹೆಣ್ಣು ಬೆಕ್ಕಿನ ಆರೋಗ್ಯಕ್ಕೆ ಒಳ್ಳೆಯದು ಅನ್ನುವ ಮಾತು ನಮ್ಮ ಕಡೆ ಚಾಲ್ತಿಯಲ್ಲಿದೆ. ಅದು ನಿಜವಲ್ಲ ಅಂತ ಈಗ ಗೊತ್ತು. ಪರಿಚಯದವರ ಮನೆಯಲ್ಲಿ ಒಳ್ಳೆ ಮೈಕಟ್ಟಿನ ಪರ್ಷಿಯನ್ ಗಂಡು ಇತ್ತು. ಮಾರ್ಚ್‌ನಲ್ಲಿ ನಾಲ್ಕು ಮರಿ ಹುಟ್ಟಿದವು: ಒಂದು ಬಿಳಿ ಹೆಣ್ಣು, ಒಂದು ಕಂದು ಗಂಡು, ಒಂದು ಕೆನೆ ಬಣ್ಣದ ಹೆಣ್ಣು, ಒಂದು ಬೂದು ಗಂಡು. ನಾಲ್ಕೂ ಗಟ್ಟಿಮುಟ್ಟಾಗಿದ್ದವು. ಮೂರು ತಿಂಗಳಾದ ಮೇಲೆ ನಾಲ್ಕು ಮನೆಗೆ ಕೊಟ್ಟೆವು. ಆ ಸೆಪ್ಟೆಂಬರ್‌ನಲ್ಲಿ ಬೆಳ್ಳಿಗೆ ಆಪರೇಷನ್ ಆಯಿತು.

ಬಚ್ಚಲಿನ ಬಕೆಟ್

ಮೊದಲ ಲಕ್ಷಣ ಕಂಡದ್ದು 2023ರ ಫೆಬ್ರವರಿಯಲ್ಲಿ. ಬೆಳ್ಳಿ ಬಚ್ಚಲಿನ ಬಕೆಟ್ಟಿನ ಅಂಚಿಗೆ ಮುಂಗಾಲಿಟ್ಟು ನೀರು ಕುಡಿಯುತ್ತಿದ್ದಳು. ಬಟ್ಟಲಿನ ನೀರು ಖಾಲಿ ಮಾಡಿ ಅಲ್ಲಿಗೆ ಹೋಗುತ್ತಿದ್ದಳು. ನಾನು ಅತ್ತೆಗೆ ಹೇಳಿದೆ. "ಬೇಸಿಗೆ ಶುರುವಾಯ್ತಲ್ಲೇ, ಅದಕ್ಕೂ ದಾಹ ಆಗಲ್ವಾ?" ಅಂದರು. ನನಗೂ ಸರಿ ಅನ್ನಿಸಿತು.

ಮರಳಿನ ಟ್ರೇ ಅಷ್ಟು ಹೊತ್ತಿಗೇ ಹೇಳುತ್ತಿತ್ತು. ಮೂತ್ರಕ್ಕೆ ಗಟ್ಟಿಯಾಗುವ ಮರಳಿನ ಉಂಡೆ ಮೊದಲು ನಿಂಬೆಹಣ್ಣಿನಷ್ಟು ಇರುತ್ತಿತ್ತು. ಈಗ ಕಿತ್ತಳೆಯಷ್ಟು. ಅದೂ ದಿನಕ್ಕೆ ನಾಲ್ಕೈದು. ಟ್ರೇ ತೆಗೆಯುವುದು ನಾನೇ. ನೋಡಿದ್ದೆ, ಆದರೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಪರ್ಷಿಯನ್ ಬೆಕ್ಕು ಸಾಕಿದವರು ಇದೊಂದನ್ನು ನೆನಪಿಡಬೇಕು. ಆ ಕೂದಲು ಎಲ್ಲವನ್ನೂ ಮುಚ್ಚಿಡುತ್ತದೆ. ಬೆಳ್ಳಿ ಇಳಿದುಹೋಗಿದ್ದು ನಮಗೆ ಗೊತ್ತಾದದ್ದು ಮಾರ್ಚ್ ಕೊನೆಯಲ್ಲಿ, ಅವಳಿಗೆ ಸ್ನಾನ ಮಾಡಿಸಿದ ದಿನ. ಕೂದಲು ನೆನೆದು ಮೈಗೆ ಅಂಟಿದ ಕೂಡಲೇ ಬೆನ್ನುಮೂಳೆ ಒಂದೊಂದೂ ಎಣಿಸುವಂತೆ ಎದ್ದು ಕಂಡಿತು. ನನ್ನ ಕೈ ನಿಂತುಹೋಯಿತು. ಅವಳನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತೆ, ಆಮೇಲೆ ಒಬ್ಬಳೇ ನಿಂತೆ. ವ್ಯತ್ಯಾಸ 3.2 ಕೆ.ಜಿ. ಹಿಂದಿನ ವರ್ಷ ಲಸಿಕೆಗೆ ಹೋದಾಗ 4.1 ಇತ್ತು.

ಮರುದಿನವೇ ಡಾಕ್ಟರ ಹತ್ತಿರ ಹೋದೆವು. ವಯಸ್ಸಾದವರು, ಮಾತು ಕಡಿಮೆ. ಹೊಟ್ಟೆಯ ಎರಡೂ ಕಡೆ ಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಿದರು. ನನ್ನ ಕೈಯನ್ನೂ ಅಲ್ಲಿಗೆ ತಂದಿಟ್ಟರು. ನುಣ್ಣಗಿರಬೇಕಾದ ಕಿಡ್ನಿ ಉಬ್ಬುತಗ್ಗಾಗಿತ್ತು. ಬಟ್ಟೆಯ ಚೀಲದಲ್ಲಿ ಅವರೆಕಾಳು ಕಟ್ಟಿಟ್ಟ ಹಾಗೆ. ಆ ಸ್ಪರ್ಶ ಮರೆಯುವುದಿಲ್ಲ.

ರಕ್ತ, ಮೂತ್ರ ಪರೀಕ್ಷೆ ಆಯಿತು. ಕಿಡ್ನಿ ರಕ್ತದಿಂದ ಸೋಸಿ ಹೊರಹಾಕಬೇಕಾದ ಕಸ ಕ್ರಿಯಾಟಿನಿನ್, ಅದು 3.6 ಇತ್ತು. ಬೆಕ್ಕಿನ ಕಿಡ್ನಿ ಕಾಯಿಲೆಯನ್ನು ಪಶುವೈದ್ಯರು ನಾಲ್ಕು ಹಂತ ಮಾಡಿ ಅಳೆಯುತ್ತಾರೆ. 2.9ರಿಂದ 5ರ ತನಕ ಮೂರನೇ ಹಂತ. ಮೂತ್ರ ಹೆಚ್ಚು ಕಡಿಮೆ ನೀರಿನಂತಿತ್ತು, ಸಾಂದ್ರತೆ 1.014. ಆರೋಗ್ಯವಾಗಿರುವ ಬೆಕ್ಕಿನ ಮೂತ್ರ ಸಾಮಾನ್ಯವಾಗಿ 1.035ಕ್ಕಿಂತ ಗಾಢವಾಗಿರುತ್ತದೆ. ರಕ್ತದೊತ್ತಡ 180. ಆಮೇಲೆ ಹೊಟ್ಟೆಯ ಕೂದಲು ಬೋಳಿಸಿ ಅಲ್ಟ್ರಾಸೌಂಡ್ ಮಾಡಿದರು. ಪರದೆಯ ಮೇಲೆ ಬೂದು ಬಣ್ಣದ ನಡುವೆ ದುಂಡಗಿನ ಕಪ್ಪು ಗುಂಡಿಗಳು. ಎಡಗಡೆ ಎಣಿಸಲು ಹೋಗಿ 14ಕ್ಕೆ ನಿಲ್ಲಿಸಿದರು. ಬಲಗಡೆಯೂ ಅಷ್ಟೇ. ದೊಡ್ಡದು 1.4 ಸೆಂಟಿಮೀಟರ್. ಲಿವರ್‌ನಲ್ಲೂ ಎರಡು ಇದ್ದವು. ಕಪ್ಪಾಗಿ ಕಾಣುವುದೆಲ್ಲ ನೀರು ತುಂಬಿದ ಗುಳ್ಳೆ, ಅಂದರೆ ಸಿಸ್ಟ್.

"ಇದು ಪಾಲಿಸಿಸ್ಟಿಕ್ ಕಿಡ್ನಿ ಕಾಯಿಲೆ. ಪಿಕೆಡಿ ಅಂತಾರೆ. ಹುಟ್ಟಿನಿಂದ ಬಂದದ್ದು, ನೀವು ಹಾಕಿದ ಊಟದಿಂದ ಬಂದದ್ದಲ್ಲ" ಅಂದರು ಡಾಕ್ಟರು. ನಾನು ಅಳುತ್ತಿದ್ದೆ. ಅವರು ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಇದು ಮರಿ ಹಾಕಿದೆಯೇನಮ್ಮಾ?"

ಒಂದೇ ಒಂದು ಅಕ್ಷರ

ಆ ಪ್ರಶ್ನೆ ಯಾಕೆ ಅಂತ ತಿಳಿಯಬೇಕಾದರೆ ಕಾಯಿಲೆ ಹೇಗೆ ನಡೆಯುತ್ತದೆ ಅನ್ನೋದು ಗೊತ್ತಿರಬೇಕು. ಅವತ್ತು ಅವರು ಹೇಳಿದ್ದು, ಆಮೇಲೆ ನಾನು ಓದಿಕೊಂಡದ್ದು ಸೇರಿಸಿ ಹೇಳುತ್ತೇನೆ.

ಕಿಡ್ನಿಯೊಳಗೆ ಲಕ್ಷಗಟ್ಟಲೆ ಸಣ್ಣ ಸಣ್ಣ ನಾಳಗಳಿವೆ. ರಕ್ತ ಸೋಸಿ ಬಂದ ನೀರು ಅವುಗಳಲ್ಲಿ ಹರಿದು ಮೂತ್ರವಾಗುತ್ತದೆ. ಆ ನಾಳಗಳ ಗೋಡೆ ಸರಿಯಾದ ಅಳತೆಯಲ್ಲಿ ಇರುವಂತೆ ನೋಡಿಕೊಳ್ಳುವ ಒಂದು ಪ್ರೋಟೀನ್ ಇದೆ. ಅದನ್ನು ತಯಾರಿಸುವ ಜೀನಿನ ಹೆಸರು ಪಿಕೆಡಿ-1. ಜೀನ್ ಅಂದರೆ ಎ, ಸಿ, ಜಿ, ಟಿ ಅನ್ನುವ ನಾಲ್ಕೇ ಅಕ್ಷರಗಳಲ್ಲಿ ಬರೆದ ಸೂಚನೆ ಇದ್ದ ಹಾಗೆ. ಕಾಯಿಲೆ ಇರುವ ಪರ್ಷಿಯನ್ ಬೆಕ್ಕುಗಳಲ್ಲಿ ಈ ಜೀನಿನ ಒಂದು ಕಡೆ 'ಸಿ' ಇರಬೇಕಾದ ಜಾಗದಲ್ಲಿ 'ಎ' ಬಂದಿರುತ್ತದೆ. ಅಷ್ಟೇ ತಪ್ಪು. ಆದರೆ ಅದು ವಾಕ್ಯ ಮುಗಿಯುವ ಮುಂಚೆ ಪೂರ್ಣವಿರಾಮ ಬಿದ್ದ ಹಾಗೆ. ಪ್ರೋಟೀನಿನ ಕೊನೆಯ ಕಾಲು ಭಾಗ ತಯಾರಾಗುವುದೇ ಇಲ್ಲ. ಅಲ್ಲಲ್ಲಿ ನಾಳದ ಗೋಡೆ ಉಬ್ಬಿ, ನೀರು ತುಂಬಿಕೊಂಡು ಗುಳ್ಳೆಯಾಗುತ್ತದೆ. ಗುಳ್ಳೆ ಬೆಳೆದ ಹಾಗೆ ಪಕ್ಕದ ಒಳ್ಳೆಯ ಭಾಗವನ್ನು ಒತ್ತಿ ಹಾಳು ಮಾಡುತ್ತದೆ. ಈ ತಪ್ಪನ್ನು 2004ರಲ್ಲಿ ಕಂಡುಹಿಡಿದದ್ದು ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೆಸ್ಲಿ ಲಯನ್ಸ್ ಮತ್ತು ಅವರ ಜೊತೆಗಾರರು. ಮನುಷ್ಯರಲ್ಲಿ ಬರುವ ಇದೇ ಕಾಯಿಲೆಯಲ್ಲೂ ಹೆಚ್ಚಾಗಿ ಕೆಟ್ಟಿರುವುದು ಇದೇ ಜೀನ್.

ಗುಳ್ಳೆಗಳು ಹುಟ್ಟುವಾಗಲೇ ಇರುತ್ತವೆ, ಆದರೆ ಸಾಸಿವೆಗಿಂತ ಚಿಕ್ಕವು. ವರ್ಷ ವರ್ಷ ಬೆಳೆಯುತ್ತವೆ. ಬೆಕ್ಕಿನ ಕಿಡ್ನಿಗೆ ಎಷ್ಟು ತಾಳಿಕೆ ಅಂದರೆ, ಮುಕ್ಕಾಲು ಪಾಲು ಕೆಲಸ ನಿಂತ ಮೇಲಷ್ಟೇ ರಕ್ತದಲ್ಲಿ ಕ್ರಿಯಾಟಿನಿನ್ ಸ್ಪಷ್ಟವಾಗಿ ಏರುತ್ತದೆ. ಹಾಗಾಗಿ ಲಕ್ಷಣ ಕಾಣುವುದು ಸರಾಸರಿ ಏಳನೇ ವರ್ಷಕ್ಕೆ. ಕೆಲವಕ್ಕೆ ಮೂರಕ್ಕೇ, ಕೆಲವಕ್ಕೆ ಹತ್ತಕ್ಕೆ. ಬೆಳ್ಳಿಗೆ ಆರು.

ಇನ್ನೊಂದು ವಿಷಯ. ಕೆಟ್ಟ ಜೀನಿನ ಒಂದು ಪ್ರತಿ ಇದ್ದರೆ ಸಾಕು, ಕಾಯಿಲೆ ಬರುತ್ತದೆ. ತಾಯಿಯಿಂದಲೋ ತಂದೆಯಿಂದಲೋ ಒಂದು ಕಡೆಯಿಂದ ಬಂದರಾಯಿತು. ಎರಡೂ ಪ್ರತಿ ಕೆಟ್ಟ ಮರಿಗಳು ಹೊಟ್ಟೆಯಲ್ಲೇ ಉಳಿಯುವುದಿಲ್ಲ ಎಂದು ತಿಳಿದವರ ಲೆಕ್ಕ. ಅಂದರೆ ಕಾಯಿಲೆ ಇರುವ ಒಂದು ಬೆಕ್ಕು, ಇಲ್ಲದ ಒಂದು ಬೆಕ್ಕು ಕೂಡಿದರೆ ಪ್ರತಿ ಮರಿಗೂ ನಾಣ್ಯ ಚಿಮ್ಮಿದ ಹಾಗೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಾರದ ಮರಿ ಪೂರ್ತಿ ಬಚಾವು. ಅದು ಮುಂದೆ ಯಾರಿಗೂ ದಾಟಿಸುವುದೂ ಇಲ್ಲ.

ಬೆಕ್ಕು ಮರಿ ಹಾಕುವುದು ಒಂದನೇ ವರ್ಷಕ್ಕೆ. ಕಾಯಿಲೆ ಕಾಣುವುದು ಏಳನೇ ವರ್ಷಕ್ಕೆ. ನಡುವೆ ಆರು ವರ್ಷ. ಈ ಆರು ವರ್ಷದಲ್ಲೇ ಎಲ್ಲ ಆಗಿಹೋಗುತ್ತದೆ. ಬೆಳ್ಳಿ ಮರಿ ಹಾಕಿದಾಗ ಅವಳಷ್ಟು ಆರೋಗ್ಯವಾದ ಬೆಕ್ಕು ಬೇರೆ ಇರಲಿಲ್ಲ.

ಇದನ್ನು ಓದಿದ ಮೇಲೆ ಹಳೆಯ ಅಂಕಿಗಳು ಅರ್ಥವಾದವು. ಒಂದು ಪರ್ಷಿಯನ್ ಕುಟುಂಬದಲ್ಲಿ ಈ ಕಾಯಿಲೆಯನ್ನು ಅಮೆರಿಕದ ಪಶುವೈದ್ಯರು ವಿವರವಾಗಿ ಬರೆದದ್ದು 1990ರಲ್ಲಿ. ಅದು ಹೇಗೆ ತಲೆಮಾರು ದಾಟುತ್ತದೆ ಅನ್ನೋದು 1996ಕ್ಕೆ ಖಚಿತವಾಯಿತು. 2001ರ ಸುಮಾರಿಗೆ ಅಲ್ಟ್ರಾಸೌಂಡ್ ಹಿಡಿದು ನೋಡಿದಾಗ ಬ್ರಿಟನ್ನಿನಲ್ಲಿ ಪರೀಕ್ಷಿಸಿದ ಪರ್ಷಿಯನ್‌ಗಳಲ್ಲಿ ಶೇ. 49, ಆಸ್ಟ್ರೇಲಿಯಾದಲ್ಲಿ ಶೇ. 45, ಸ್ವಲ್ಪ ನಂತರ ಫ್ರಾನ್ಸಿನಲ್ಲಿ ಶೇ. 41ಕ್ಕೂ ಹೆಚ್ಚು ಬೆಕ್ಕುಗಳಲ್ಲಿ ಗುಳ್ಳೆ ಸಿಕ್ಕಿತ್ತು. ಹೆಚ್ಚು ಕಡಿಮೆ ಎರಡಕ್ಕೊಂದು. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ದೊಡ್ಡ ಬೆಕ್ಕಿನ ಪ್ರದರ್ಶನ ನಡೆದಾಗಿನಿಂದ ಉದ್ದ ಕೂದಲಿನ ಬೆಕ್ಕಿಗೆ ಬೇಡಿಕೆ. ಚೆಂದದ ಗಂಡು ಬೆಕ್ಕು ಸಿಕ್ಕರೆ ಅದರಿಂದಲೇ ನೂರಾರು ಮರಿ. ಬೇರೆ ತಳಿಗಳ ಮುಖ ದುಂಡಗೆ ಮಾಡಲು ಪರ್ಷಿಯನ್ ಬೆರೆಸಿದರು. ಹಾಗಾಗಿ ಹಿಮಾಲಯನ್, ಎಕ್ಸಾಟಿಕ್ ಶಾರ್ಟ್‌ಹೇರ್, ಬ್ರಿಟಿಷ್ ಶಾರ್ಟ್‌ಹೇರ್, ಸ್ಕಾಟಿಷ್ ಫೋಲ್ಡ್‌ಗಳಲ್ಲೂ ಇದು ಸಿಗುತ್ತದೆ. ಇವರಲ್ಲಿ ಯಾರೂ ಬೇಕೆಂದು ಕಾಯಿಲೆ ಹರಡಲಿಲ್ಲ. ನಾನೂ ಹರಡಲಿಲ್ಲ. ಆದರೂ ಹರಡಿತು.

ಫೋನ್ ಮಾಡಿದ್ದು

ಮೊದಲು ಗಂಡು ಬೆಕ್ಕಿನ ಮನೆಯವರಿಗೆ ಹೇಳಿದೆ. ಅವರಿಗೆ ಸಿಟ್ಟು ಬಂತು. "ನಮ್ಮ ಬೆಕ್ಕಿಗೆ ಏನೂ ಇಲ್ಲ, ಸುಮ್ನೆ ಹೆಸರು ಕೆಡಿಸಬೇಡಿ" ಅಂದರು. ಒಂದು ವಾರ ಬಿಟ್ಟು ಅವರೇ ಫೋನ್ ಮಾಡಿದರು. ಸ್ಕ್ಯಾನ್ ಮಾಡಿಸಿದ್ದರು, ಎರಡೂ ಕಿಡ್ನಿ ಚೆನ್ನಾಗಿತ್ತು. ಅಲ್ಲಿಗೆ ಮರಿಗಳಿಗೆ ಹೋಗಿದ್ದರೆ ಬೆಳ್ಳಿಯಿಂದಲೇ ಹೋಗಿರಬೇಕು ಅನ್ನೋದು ತೀರ್ಮಾನವಾಯಿತು. ಬೆಳ್ಳಿಯ ಕೆನ್ನೆಯ ಒಳಗೆ ಹತ್ತಿ ಕಡ್ಡಿ ತಿರುಗಿಸಿ ಡಿಎನ್‌ಎ ಪರೀಕ್ಷೆಗೂ ಕಳಿಸಿದ್ದೆವು. ಜೂನ್‌ನಲ್ಲಿ ವರದಿ ಬಂತು. ಆ ಒಂದು ಅಕ್ಷರದ ತಪ್ಪು ಇತ್ತು, ಒಂದು ಪ್ರತಿ.

ಬಿಳಿ ಹೆಣ್ಣು ಹಾಸನದಲ್ಲಿ ನಮ್ಮ ಚಿಕ್ಕಮ್ಮನ ಮನೆಯಲ್ಲಿತ್ತು. ಚಿಕ್ಕಮ್ಮ ಮೊದಲು ನಂಬಲಿಲ್ಲ. "ಚೆನ್ನಾಗಿ ತಿಂತಾಳೆ, ಕಾಂಪೌಂಡ್ ಹಾರ್ತಾಳೆ, ಅವಳಿಗೇನೇ ಕಾಯಿಲೆ?" ಆದರೂ ಬುಟ್ಟಿಯಲ್ಲಿಟ್ಟುಕೊಂಡು ಮೈಸೂರಿಗೆ ಬಂದರು. ಎರಡೂ ಕಿಡ್ನಿಯಲ್ಲಿ ಗುಳ್ಳೆ ಇತ್ತು. ದೊಡ್ಡದು 4 ಮಿಲಿಮೀಟರ್. ಕ್ರಿಯಾಟಿನಿನ್ 1.4, ಅಂದರೆ ರಕ್ತದಲ್ಲಿ ಇನ್ನೂ ಏನೂ ಕಾಣುತ್ತಿರಲಿಲ್ಲ. ಸ್ಕ್ಯಾನ್ ಮಾಡದೆ ಬರೀ ರಕ್ತ ನೋಡಿದ್ದರೆ ಎಲ್ಲ ಸರಿ ಇದೆ ಅಂತ ಕಳಿಸಿಬಿಡುತ್ತಿದ್ದರು.

ಕಂದು ಗಂಡು ನನ್ನ ಸಹೋದ್ಯೋಗಿಯ ಮನೆಯಲ್ಲಿತ್ತು. ಸ್ಕ್ಯಾನ್‌ನಲ್ಲಿ ಏನೂ ಇಲ್ಲ, ಡಿಎನ್‌ಎ ವರದಿಯಲ್ಲೂ ಇಲ್ಲ. ಅವರ ಮಗಳು ಆ ಕಾಗದವನ್ನು ಫ್ರಿಜ್ಜಿಗೆ ಅಂಟಿಸಿದ್ದಾಳೆ.

ಕೆನೆ ಬಣ್ಣದ ಹೆಣ್ಣಿನದು ನನ್ನನ್ನು ಬಹಳ ಕಾಡಿದ ವಿಷಯ. ಅದು ಬೆಂಗಳೂರಿನಲ್ಲಿ ಒಂದು ದಂಪತಿಯ ಮನೆಯಲ್ಲಿತ್ತು. ಅಲ್ಲೇ ಸ್ಕ್ಯಾನ್ ಮಾಡಿಸಿ ಚಿತ್ರ ಕಳಿಸಿದರು. ಗುಳ್ಳೆಗಳಿದ್ದವು. ನಾನು ಆಪರೇಷನ್ ಆಗಿದೆಯಾ ಅಂತ ಕೇಳಿದೆ. ಆ ಹೆಣ್ಣುಮಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಎರಡು ಸಲ ಮರಿ ಹಾಕಿದೆ ಅಕ್ಕ" ಅಂದರು. ಮೊದಲ ಸಲ ಮೂರು, ಎರಡನೇ ಸಲ ನಾಲ್ಕು. ಏಳೂ ಬೇರೆ ಬೇರೆ ಮನೆಗೆ ಹೋಗಿವೆ. ಒಂದು ಮಂಗಳೂರಿಗೆ, ಒಂದು ಹೊಸೂರಿಗೆ. ಏಳರಲ್ಲಿ ಐವರ ಮನೆಯವರಿಗೆ ಅವರು ವಿಷಯ ತಿಳಿಸಿದ್ದಾರೆ. ಅದರಲ್ಲಿ ಮೂವರು ಪರೀಕ್ಷೆ ಮಾಡಿಸಿದರು. ಒಂದು ಮರಿಗೆ ಇತ್ತು, ಎರಡಕ್ಕೆ ಇರಲಿಲ್ಲ.

ನಾನು ಒಮ್ಮೆ ಮಾತ್ರ ಮರಿ ಹಾಕಿಸಿದೆ ಅಂದುಕೊಂಡಿದ್ದೆ. ಮನೆಯ ಮುಂದಿನ ಗೇಟು ದಾಟಿದ ಮೇಲೆ ಆ ಒಂದು ಸಲ ನಾಲ್ಕಾಗಿ, ನಾಲ್ಕು ಹನ್ನೊಂದಾಗಿತ್ತು.

ಬೆಳ್ಳಿಯನ್ನು ನಮಗೆ ಮಾರಿದವರಿಗೂ ಫೋನ್ ಮಾಡಿದೆ. ಅವಳ ತಂದೆ ತಾಯಿಯಲ್ಲಿ ಒಬ್ಬರಿಗಾದರೂ ಇದು ಇದ್ದಿರಲೇಬೇಕು ಅನ್ನುವಷ್ಟು ಮಟ್ಟಿಗೆ ಹೇಳಬಹುದು. "ನಮ್ಮಲ್ಲಿ ಯಾವ ಬೆಕ್ಕಿಗೂ ಅಂಥದ್ದೇನಿಲ್ಲ ಮೇಡಂ, ನೀವು ಏನು ತಿನ್ನಿಸಿದಿರೋ" ಅಂದರು. ವರದಿ ಕಳಿಸಿದೆ. ನೋಡಿದ್ದಾರೆ, ಉತ್ತರ ಬರಲಿಲ್ಲ. ಅವರ ಮೇಲೆ ನನಗೆ ಈಗ ಸಿಟ್ಟಿಲ್ಲ, ಬೇಜಾರಿದೆ. ಅವರ ಗಂಡು ಬೆಕ್ಕು ಒಂದು ಸ್ಕ್ಯಾನ್‌ನಿಂದ ನಿರುಪಯೋಗಿ ಆಗಿಬಿಡುತ್ತದೆ ಅನ್ನೋ ಭಯ ಅವರಿಗೆ. ಆದರೆ ಕಾಯಿಲೆ ಇರುವ ಬೆಕ್ಕಿನ ಸಾಲೇ ಮುಗಿದುಹೋಗಬೇಕಾಗಿಲ್ಲ. ಅದರ ಮರಿಗಳಲ್ಲಿ ಅರ್ಧ ಶುದ್ಧವಾಗಿ ಹುಟ್ಟುತ್ತವೆ. ಪರೀಕ್ಷೆ ಮಾಡಿ ಆ ಮರಿಗಳಿಂದಲೇ ಮುಂದುವರಿಸಿದರೆ ಒಂದೇ ತಲೆಮಾರಿನಲ್ಲಿ ಆ ಮನೆಯಿಂದ ಕಾಯಿಲೆ ಹೋಗುತ್ತದೆ. ಬೇರೆ ವಂಶದ ಕಾಯಿಲೆಗಳಲ್ಲಿ ಇಷ್ಟು ಸುಲಭದ ದಾರಿ ಸಿಗುವುದು ಅಪರೂಪ.

ಬೆಳ್ಳಿಯ ಹತ್ತೊಂಬತ್ತು ತಿಂಗಳು

ಗುಳ್ಳೆ ತೆಗೆಯುವ ಔಷಧಿ ಇಲ್ಲ. ಉಳಿದಿರುವ ಕಿಡ್ನಿಯ ಹೊರೆ ಇಳಿಸುವುದಷ್ಟೇ ಕೈಯಲ್ಲಿರುವುದು. ಊಟದಲ್ಲಿ ರಂಜಕ ಕಡಿಮೆ ಇರುವ ಕಿಡ್ನಿ ಆಹಾರ ಕೊಟ್ಟೆವು. ಮೊದಲ ಹತ್ತು ದಿನ ಮೂಸಿ ನೋಡಿ ಹೋಗಿಬಿಡುತ್ತಿದ್ದಳು. ಹಳೆಯ ಊಟದ ಜೊತೆ ಚಮಚ ಚಮಚ ಬೆರೆಸಿ ಒಂದು ತಿಂಗಳಿಗೆ ಒಗ್ಗಿಸಿದೆವು. ರಕ್ತದೊತ್ತಡಕ್ಕೆ ಅಮ್ಲೋಡಿಪಿನ್, 2.5 ಮಿಲಿಗ್ರಾಂ ಮಾತ್ರೆಯ ಕಾಲು ಭಾಗ. ಒತ್ತಡ ಏರಿದ ಬೆಕ್ಕಿಗೆ ಇದ್ದಕ್ಕಿದ್ದಂತೆ ಕಣ್ಣು ಹೋಗಬಹುದು. ಅದಕ್ಕಾಗಿ ಈ ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ನೋವಿಗೆ, ಜ್ವರಕ್ಕೆ ಅಂತ ಮನುಷ್ಯರ ಮಾತ್ರೆ ಮುರಿದು ಕೊಡಬಾರದು ಅಂತ ಡಾಕ್ಟರು ಎರಡು ಸಲ ಹೇಳಿದರು. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ.

ಆಗಸ್ಟ್‌ನಿಂದ ದಿನ ಬಿಟ್ಟು ದಿನ ಚರ್ಮದ ಕೆಳಗೆ ಆರ್‌ಎಲ್ ನೀರು (ಡ್ರಿಪ್‌ಗೆ ಬಳಸುವ ಲವಣದ ದ್ರಾವಣ, ರಿಂಗರ್ ಲ್ಯಾಕ್ಟೇಟ್), 100 ಮಿಲಿ. ಸೂಜಿ ಚುಚ್ಚುವುದು ನಾನು ಕಲಿತೆ. ಹಿಡಿದುಕೊಳ್ಳುವುದು ಅತ್ತೆ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡುವುದು ಅತ್ತೆಯದೇ ಉಪಾಯ. ತಣ್ಣಗಿದ್ದರೆ ಬೆಳ್ಳಿ ನಡುಗುತ್ತಿದ್ದಳು. ಹಜಾರದ ಕಿಟಕಿಯ ಸರಳಿಗೆ ಬಾಟಲಿ ನೇತುಹಾಕಿ, ಹೆಗಲ ನಡುವಿನ ಚರ್ಮ ಎತ್ತಿ ಹಿಡಿದು ಚುಚ್ಚಿದರೆ ಐದಾರು ನಿಮಿಷದಲ್ಲಿ ಮುಗಿಯುತ್ತಿತ್ತು. ಅತ್ತೆ ಅಷ್ಟು ಹೊತ್ತೂ ಅವಳ ಕಿವಿಯ ಹಿಂದೆ ಕೆರೆಯುತ್ತಾ ಏನಾದರೂ ಮಾತಾಡುತ್ತಿದ್ದರು. ಪ್ರಾಣಿಗಳನ್ನು ಅಡುಗೆಮನೆ ಹೊಸ್ತಿಲು ದಾಟಲು ಬಿಡದಿದ್ದವರು.

ತೂಕ ಮತ್ತೆ 3.5ಕ್ಕೆ ಬಂತು. ಒಂದು ವರ್ಷ ಅವಳು ಬೆಳ್ಳಿಯಾಗಿಯೇ ಇದ್ದಳು. 2024ರ ಸೆಪ್ಟೆಂಬರ್‌ನಿಂದ ಕ್ರಿಯಾಟಿನಿನ್ ಏರತೊಡಗಿತು. ವಾಂತಿ, ಬಾಯಿಯಲ್ಲಿ ಹುಣ್ಣು. ನವೆಂಬರ್‌ನಲ್ಲಿ 9 ದಾಟಿತು. ನೀರಿನ ಬಟ್ಟಲ ಮುಂದೆ ಕೂತು ತಲೆ ತಗ್ಗಿಸಿ ಕುಡಿಯದೆ ಇರುತ್ತಿದ್ದಳು. ಡಾಕ್ಟರು ಮನೆಗೇ ಬಂದು ಕೊನೆಯ ಇಂಜೆಕ್ಷನ್ ಕೊಟ್ಟರು. ಏಳು ವರ್ಷ ಎಂಟು ತಿಂಗಳು.

ಈಗ ಮಾಡುತ್ತಿರುವುದು

ಚಿಕ್ಕಮ್ಮನ ಬಿಳಿ ಹೆಣ್ಣಿಗೆ ಆರು ತಿಂಗಳಿಗೊಮ್ಮೆ ರಕ್ತ, ಮೂತ್ರ, ರಕ್ತದೊತ್ತಡ ನೋಡುತ್ತೇವೆ. ವರ್ಷಕ್ಕೊಮ್ಮೆ ಸ್ಕ್ಯಾನ್. ಕಳೆದ ಸಲ ಕ್ರಿಯಾಟಿನಿನ್ 1.7 ಇತ್ತು, ಎರಡನೇ ಹಂತದ ಹೊಸ್ತಿಲು. ಕಿಡ್ನಿ ಆಹಾರ ಶುರುವಾಗಿದೆ. ಬೆಳ್ಳಿಗೆ ನಾವು ಮೂರನೇ ಹಂತದಲ್ಲಿ ಶುರು ಮಾಡಿದ್ದು, ಅವಳಿಗೆ ಎರಡನೆಯದರಲ್ಲೇ. ಈ ವ್ಯತ್ಯಾಸದಿಂದ ಅವಳಿಗೆ ಎಷ್ಟು ವರ್ಷ ಸಿಗುತ್ತದೋ ಸಿಗಲಿ. ಬೆಂಗಳೂರಿನ ಕೆನೆ ಹೆಣ್ಣಿಗೆ ಆಪರೇಷನ್ ಆಗಿದೆ.

ಪರ್ಷಿಯನ್ ಮರಿ ತರುವವರು ನನ್ನನ್ನು ಕೇಳಿದರೆ ಹೇಳುವುದು ಇಷ್ಟು. ಮಾರುವವರ ಹತ್ತಿರ ತಂದೆ ತಾಯಿ ಎರಡರದ್ದೂ ಪಿಕೆಡಿ ಡಿಎನ್‌ಎ ವರದಿ ಕೇಳಿ. ಕೊಡದಿದ್ದರೆ ಮರಿಗೇ ಮಾಡಿಸಿ. ಅದಕ್ಕೆ ವಯಸ್ಸಿನ ಮಿತಿ ಇಲ್ಲ. ತಾಯಿಯ ಹಾಲು ಕುಡಿಯುವ ಮರಿಯಾದರೆ ಹಾಲು ಬಾಯಲ್ಲಿರದಂತೆ ಸ್ವಲ್ಪ ಹೊತ್ತು ಬೇರೆ ಇಟ್ಟು ಕಡ್ಡಿ ತಿರುಗಿಸಬೇಕು. ಸ್ಕ್ಯಾನ್ ಆದರೆ ಹತ್ತು ತಿಂಗಳು ತುಂಬಿದ ಮೇಲೆ ಮಾಡಿಸಿ, ಆಗ ತಪ್ಪಾಗುವುದು ಬಹಳ ಕಡಿಮೆ. ನಾಲ್ಕು ತಿಂಗಳಿಗೆ ಮಾಡಿದರೆ ನಾಲ್ಕರಲ್ಲಿ ಒಂದು ಕೈತಪ್ಪುತ್ತದೆ. ಡಿಎನ್‌ಎ ಪರೀಕ್ಷೆ ಹಿಡಿಯುವುದು ಈ ಒಂದು ತಪ್ಪನ್ನು ಮಾತ್ರ, ಹಾಗಾಗಿ ಮರಿ ಹಾಕಿಸುವ ಬೆಕ್ಕಿಗೆ ಎರಡೂ ಇರಲಿ. ಮನೆಯಲ್ಲಿ ಈಗಾಗಲೇ ಇರುವ ಬೆಕ್ಕಿಗೆ ಲಸಿಕೆಗೆ ಹೋದ ದಿನವೇ ಸ್ಕ್ಯಾನ್ ಕೇಳಬಹುದು. ಬೆಳ್ಳಿಯನ್ನು ನಾನು ಐದು ವರ್ಷ, ವರ್ಷಕ್ಕೊಮ್ಮೆ ಆ ಮೇಜಿನ ಮೇಲೆ ಕೂರಿಸಿದ್ದೆ.

ನಾಲ್ಕನೆಯ ಮರಿ, ಆ ಬೂದು ಗಂಡು, ಇನ್ನೂ ಸಿಕ್ಕಿಲ್ಲ. 2019ರ ಜೂನ್‌ನಲ್ಲಿ ಕುವೆಂಪುನಗರದ ಒಂದು ಬಾಡಿಗೆ ಮನೆಯವರು ತೆಗೆದುಕೊಂಡು ಹೋಗಿದ್ದರು. ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ, ಫೋನ್ ನಂಬರ್ ಚಾಲ್ತಿಯಲ್ಲಿಲ್ಲ. ಎಡಗಡೆ ಮುಂಗಾಲಿನ ತುದಿ ಮಾತ್ರ ಬಿಳಿ, ಬಾಲದ ಕೊನೆಯಲ್ಲಿ ಸಣ್ಣ ಗಂಟು. ಅಂಥ ಬೆಕ್ಕು ನಿಮ್ಮ ಮನೆಯಲ್ಲಿದ್ದರೆ, ನೋಡಲು ಎಷ್ಟೇ ಚೆನ್ನಾಗಿದ್ದರೂ, ದಯವಿಟ್ಟು ಒಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿ. ಗಂಡು ಬೆಕ್ಕು ಅದು. ಅದರಿಂದ ಮರಿಗಳಾಗಿದ್ದರೆ ಅವರಿಗೂ ಒಂದು ಮಾತು ಹೇಳಿ.